ಸನ್ಮಾನಪತ್ರದಲ್ಲಿ ಇಲ್ಲದ ದುಡಿಮೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಯಕ್ಷಗಾನದ ಆಟ ನಡೆಯುವ ರಾತ್ರಿಗಳಲ್ಲಿ ಒಂದು ಹೊತ್ತು ಚೆಂಡೆ ನಿಲ್ಲುತ್ತದೆ. ರಂಗಸ್ಥಳಕ್ಕೆ ಪ್ಲಾಸ್ಟಿಕ್ ಕುರ್ಚಿಗಳು ಬರುತ್ತವೆ. ಹಿರಿಯ ಕಲಾವಿದರೊಬ್ಬರನ್ನು ಕೂರಿಸಿ ಶಾಲು ಹೊದೆಸಿ, ಹಾರ ಹಾಕಿ, ತಲೆಗೆ ಪೇಟ ಇಟ್ಟು, ಕೈಗೆ ಹಣ್ಣಿನ ಬುಟ್ಟಿ ಕೊಡುತ್ತಾರೆ. ಆಮೇಲೆ ಸನ್ಮಾನಪತ್ರದ ವಾಚನ. ಆ ಪತ್ರವನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಕಲಾಕೇಸರಿ, ಮಾತಿನ ಮಲ್ಲ, ರಂಗದ ರಾಜ, ಸರಳ ಸಜ್ಜನ ಎಂದು ವಿಶೇಷಣದ ಮೇಲೆ ವಿಶೇಷಣ. ಅವರು ಮೊದಲು ಗೆಜ್ಜೆ ಕಟ್ಟಿದ್ದು ಯಾವ ವರ್ಷ, ಹೆಜ್ಜೆ ಕಲಿಸಿದವರು ಯಾರು, ಯಾವ ಮೇಳದಲ್ಲಿ ಎಷ್ಟು ತಿರುಗಾಟ, ಮೊದಲ ಸಂಬಳ ಎಷ್ಟು, ಒಂದು ಮೇಳ ಬಿಟ್ಟು ಇನ್ನೊಂದಕ್ಕೆ ಯಾಕೆ ಹೋದರು, ಅವರು ತಿದ್ದಿ ನಿಲ್ಲಿಸಿದ ಯಾವ ಪಾತ್ರವನ್ನು ಉಳಿದವರು ಅನುಸರಿಸಿದರು, ಇದೊಂದೂ ಅದರಲ್ಲಿ ಇರುವುದಿಲ್ಲ. ಚೌಕಟ್ಟು ಹಾಕಿದ ಪತ್ರ ಮನೆಯ ಗೋಡೆಗೆ ಹೋಗುತ್ತದೆ. ಅವರು ತೀರಿಕೊಂಡ ದಿನ ಸುದ್ದಿ ಬರೆಯಲು ಬರುವ ವರದಿಗಾರನಿಗೂ ಸಿಗುವುದು ಗೋಡೆಯ ಮೇಲಿನ ಆ ವಿಶೇಷಣಗಳೇ.

ಕಲಾವಿದರಿಗೆ ಮರ್ಯಾದೆ ಕೊಡುವುದರಲ್ಲಿ ನಮ್ಮ ಊರುಗಳು ಎಂದೂ ಕೈ ಬಿಗಿ ಹಿಡಿದಿಲ್ಲ. ಆದರೆ ಅವರು ಮಾಡಿದ್ದು ದುಡಿಮೆ, ಆ ದುಡಿಮೆಗೆ ಒಂದು ಕಲಿಕೆ, ಒಂದು ಕೂಲಿ, ಒಂದು ಹಕ್ಕು, ಒಂದು ಚರಿತ್ರೆ ಇದೆ ಎಂದು ಒಪ್ಪುವ ಅಭ್ಯಾಸ ನಮಗೆ ಬಂದಿಲ್ಲ. ಮರ್ಯಾದೆ ಕೊಟ್ಟೆವು ಎಂಬ ಸಮಾಧಾನವೇ ಉಳಿದದ್ದನ್ನು ಕೇಳದಂತೆ ನಮ್ಮನ್ನು ತಡೆಯುತ್ತಿದೆ ಎಂಬುದು ನನ್ನ ವಾದ. ಈ ಮೂರು ತಾಲೂಕುಗಳ ಜೊತೆ ಹೆಸರು ಬೆಸೆದುಕೊಂಡ ಕೆಲವು ಬದುಕುಗಳನ್ನು ಮುಂದಿಟ್ಟು ಅದನ್ನು ಹೇಳುತ್ತೇನೆ.

ಮೊದಲು ಸಿನಿಮಾ ನಟಿ ಲೀಲಾವತಿಯವರು. 1937ರ ಡಿಸೆಂಬರಿನಲ್ಲಿ ಬೆಳ್ತಂಗಡಿಯಲ್ಲಿ ಹುಟ್ಟಿದವರು. ಎಳವೆಯಲ್ಲೇ ತಂದೆತಾಯಿ ಇಲ್ಲವಾದರು, ಶಾಲೆ ಕೆಳಗಿನ ತರಗತಿಗಳಲ್ಲೇ ನಿಂತಿತು. ನಾಟಕದ ಸೆಳೆತಕ್ಕೆ ಮೈಸೂರು ಸೇರಿ ಮಹಾಲಿಂಗ ಭಾಗವತರ ನಾಟಕ ಮಂಡಳಿಯಲ್ಲಿ ಪಾತ್ರ ಮಾಡಿದರು. 1949ರ ‘ನಾಗಕನ್ನಿಕೆ’ಯ ಸಣ್ಣ ಪಾತ್ರದಿಂದ ಸಿನಿಮಾಕ್ಕೆ ಕಾಲಿಟ್ಟವರು 1958ರ ‘ಮಾಂಗಲ್ಯ ಯೋಗ’ದ ಹೊತ್ತಿಗೆ ನಾಯಕಿಯಾದರು. 1960ರಲ್ಲಿ ‘ರಾಣಿ ಹೊನ್ನಮ್ಮ’, ‘ರಣಧೀರ ಕಂಠೀರವ’. 1963 ಎಂಬ ಒಂದೇ ವರ್ಷವನ್ನು ನೋಡಿ: ‘ಕುಲವಧು’, ‘ವೀರಕೇಸರಿ’, ‘ಮನಮೆಚ್ಚಿದ ಮಡದಿ’, ‘ಸಂತ ತುಕಾರಾಂ’. ಕಾದಂಬರಿಯಿಂದ ಬಂದ ಸಂಸಾರದ ಕಥೆ, ಕತ್ತಿವರಸೆಯ ಕಥೆ, ಗಂಡಹೆಂಡಿರ ಕಥೆ, ಭಕ್ತನ ಕಥೆ. ನಾಲ್ಕರಲ್ಲೂ ರಾಜ್‌ಕುಮಾರ್ ಎದುರು ಆಕೆ. ನಾಲ್ಕಕ್ಕೂ ಬೇರೆ ಬೇರೆ ನಡಿಗೆ ಬೇಕು, ಬೇರೆ ಬೇರೆ ಮಾತಿನ ಲಯ ಬೇಕು. ಕರಾವಳಿಯ ಒಂದು ಅನಾಥ ಹುಡುಗಿ, ಹೆಚ್ಚು ಓದದವಳು, ಕಂಪನಿ ನಾಟಕದ ಗಟ್ಟಿ ಕನ್ನಡವನ್ನೂ ಕ್ಯಾಮೆರಾದ ಮುಂದಿನ ಮೆಲುದನಿಯನ್ನೂ ಎಲ್ಲಿ, ಯಾರಿಂದ, ಹೇಗೆ ಕಲಿತಳು? ಇದು ಕನ್ನಡ ಸಿನಿಮಾದ ಚರಿತ್ರೆ ಬರೆಯುವವರು ಮೊದಲು ಕೇಳಬೇಕಿದ್ದ ಪ್ರಶ್ನೆ.

ನಾವು ಕೇಳಿದ್ದು ಬೇರೆ. ಆಕೆಯ ಮದುವೆ, ಮನೆ, ಮಗ ಎಂಬ ಮಾತುಗಳ ಸುತ್ತಲೇ ದಶಕಗಟ್ಟಲೆ ಸುತ್ತಿದೆವು. ನಟನೆಗೆ ಸಂಬಂಧವೇ ಇಲ್ಲದ ಆ ಗುಸುಗುಸುವಿಗೆ ಸುರಿದ ಕಾಗದ, ಶಾಯಿ, ಆಮೇಲೆ ಟೀವಿಯ ಹೊತ್ತು, ಇವುಗಳಲ್ಲಿ ಒಂದು ಪಾಲನ್ನು ‘ಗೆಜ್ಜೆಪೂಜೆ’ಯ ಅಪರ್ಣಾಳ ಬಗ್ಗೆ ಕೊಟ್ಟಿದ್ದರೂ ನಮ್ಮಲ್ಲಿ ಇವತ್ತು ಓದಿಕೊಳ್ಳಲು ಏನಾದರೂ ಇರುತ್ತಿತ್ತು. 1969ರ ಆ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ಲೀಲಾವತಿಯವರನ್ನು ತಾಯಿ ಅಪರ್ಣಾ ಆಗಿ, ಕಲ್ಪನಾ ಅವರನ್ನು ಮಗಳು ಚಂದ್ರಾ ಆಗಿ ನಿಲ್ಲಿಸಿದರು. ಕಲ್ಪನಾ ಹುಟ್ಟಿದ್ದು 1943ರಲ್ಲಿ, ಮಂಗಳೂರಿನಲ್ಲಿ. ಅಂದರೆ ಒಂದೇ ಜಿಲ್ಲೆಯ ಇಬ್ಬರು, ವಯಸ್ಸಿನ ಅಂತರ ಆರು ವರ್ಷವೂ ಇಲ್ಲ. ತೆರೆಯ ಮೇಲೆ ತಾಯಿ ಮಗಳು. ನಿನ್ನೆ ಮೊನ್ನೆ ನಾಯಕಿಯಾಗಿದ್ದ ಹೆಂಗಸು ಮೂವತ್ತು ದಾಟಿದ ಕೂಡಲೇ ಅಮ್ಮ. ಆಕೆಗಿಂತ ಎಂಟು ವರ್ಷ ಹಿರಿಯರಾದ ನಾಯಕ ನಟರು ಮುಂದೆಯೂ ನಾಯಕರೇ. ಇದನ್ನು ಆಕೆಯ ಹಣೆಬರಹ ಎಂದು ಬರೆದರೆ ಸುಳ್ಳಾಗುತ್ತದೆ. ಅದು ಉದ್ಯಮದ ನಿಯಮ, ಆ ನಿಯಮದೊಳಗೆ ಆಕೆ ಮಾಡಿದ ಕೆಲಸ ದೊಡ್ಡದು. ಕೆರಳದೆ, ಅತ್ತು ಕರೆಯದೆ, ಮಗಳಿಗೆ ತನ್ನ ಬಾಳು ಬರಬಾರದು ಎಂದು ಒಳಗೊಳಗೇ ಬೇಯುವ ಆ ತಾಯಿಗೆ ರಾಜ್ಯ ಪ್ರಶಸ್ತಿ ಬಂತು.

ತಮಿಳಿನ ಕೆ. ಬಾಲಚಂದರ್ 1977ರಲ್ಲಿ ‘ಅವರ್ಗಳ್’ ತೆಗೆದಾಗ ಅದರಲ್ಲಿ ರಜನೀಕಾಂತ್ ತಾಯಿಯ ಪಾತ್ರ ಲೀಲಾವತಿಯವರದು. ಮಗನಿಂದ ದೂರವಾದ ಸೊಸೆಯ ಮನೆಗೆ ತಾನು ಯಾರೆಂದು ಹೇಳದೆ ಕೆಲಸದವಳಾಗಿ ಸೇರಿ, ಕೊನೆಗೆ ಮಗನನ್ನಲ್ಲ, ಸೊಸೆಯನ್ನು ಆರಿಸಿಕೊಳ್ಳುವ ಅತ್ತೆ. ಬೆಳ್ತಂಗಡಿಯ ಹೆಣ್ಣುಮಗಳೊಬ್ಬಳು ತಮಿಳಿನ ಆ ಪಾತ್ರವನ್ನು ಹಿಡಿದ ಬಗೆಯನ್ನು ನಮ್ಮ ಊರಿನ ಯಾವ ಸಭೆಯಲ್ಲಾದರೂ ಚರ್ಚಿಸಿದ್ದನ್ನು ನಾನು ಕೇಳಿಲ್ಲ. ಆರುನೂರಕ್ಕೂ ಹೆಚ್ಚು ಚಿತ್ರಗಳು ಎಂಬ ಸಂಖ್ಯೆ ಮಾತ್ರ ಎಲ್ಲ ಕಡೆ ಬರುತ್ತದೆ. ಕೊನೆಯ ವರ್ಷಗಳಲ್ಲಿ ಅವರು ನೆಲಮಂಗಲ ಬಳಿಯ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡು, ದುಡಿದ ಹಣದಲ್ಲಿ ಊರವರಿಗೆ ಆಸ್ಪತ್ರೆ ಕಟ್ಟಿಸಿ, ದನಕರುಗಳಿಗೂ ಒಂದು ಆಸ್ಪತ್ರೆ ಆಗಬೇಕೆಂದು ಹಟ ಹಿಡಿದು ಮಾಡಿಸಿ, 2023ರ ಡಿಸೆಂಬರ್ 8ರಂದು ತೀರಿಕೊಂಡರು. ಆಸ್ಪತ್ರೆಯ ಬಗ್ಗೆ ನಾವು ಹೆಮ್ಮೆಯಿಂದ ಮಾತಾಡಿದೆವು, ಸರಿಯೇ. ಆದರೆ ದಾನ ಮಾಡಿದ್ದರಿಂದ ಆಕೆ ದೊಡ್ಡವರಾದರು ಎನ್ನುವುದು ಅರ್ಧ ಮಾತು. ದಾನ ಮಾಡುವಷ್ಟು ಗಳಿಸಿದ ಆ ಐದು ದಶಕದ ಕಸುಬಿನಲ್ಲೇ ಆಕೆ ದೊಡ್ಡವರು.

ಕಸುಬಿನ ಲೆಕ್ಕ ಉಳಿದ ಕಡೆ ಹೇಗಿರುತ್ತದೆ ಎಂಬುದಕ್ಕೆ ಹೊರಗಿನ ಒಂದು ಉದಾಹರಣೆ ನೋಡೋಣ. ಅಮೆರಿಕದ ಹಳೆಯ ಸಿನಿಮಾ, ಟೀವಿ ಕಲಾವಿದರ ಬಗ್ಗೆ ಓದುವಾಗ ನನ್ನ ಕಣ್ಣಿಗೆ ಬೀಳುವುದು ಅವರ ವೈಭವವಲ್ಲ, ಅವರ ಕಾಗದಪತ್ರ. ಮೂಕಿಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ 1928ರಲ್ಲಿ ತಮ್ಮ ಸ್ವಂತ ಘಟಕ ಬಿಟ್ಟು ಎಂಜಿಎಂ ಸ್ಟುಡಿಯೋ ಸೇರಿದ್ದು, ಅಲ್ಲಿ ಸ್ವಾತಂತ್ರ್ಯ ಕಳೆದುಕೊಂಡು ಕುಸಿದದ್ದು, ಎಲ್ಲವೂ ಕರಾರು, ಸಂಬಳದ ಲೆಕ್ಕ, ಪತ್ರಗಳ ಸಮೇತ ಸಿಗುತ್ತದೆ. 1950ರ ದಶಕದಲ್ಲಿ ಕೀಟನ್ ಹಿಂದೆ ಇದ್ದ ಮನೆಯಲ್ಲಿ ನಟ ಜೇಮ್ಸ್ ಮೇಸನ್ ವಾಸವಿದ್ದರು. ಅಲ್ಲಿ ಹಳೆಯ ಚಿತ್ರಗಳ ಸುರುಳಿಗಳು ಸಿಕ್ಕಿದವು. ಜನ ಅವನ್ನು ಮತ್ತೆ ನೋಡಿದರು. 1965ರಲ್ಲಿ ವೆನಿಸ್ ಚಿತ್ರೋತ್ಸವದ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ಹೊಡೆದದ್ದನ್ನು ಕಂಡು ಮರುವರ್ಷ ಕೀಟನ್ ಕಣ್ಣು ಮುಚ್ಚಿದರು.

ಹಾಲಿವುಡ್ ಧರ್ಮಛತ್ರವಾಗಿರಲಿಲ್ಲ. 1921ರಲ್ಲಿ ಚಾಪ್ಲಿನ್ ಜೊತೆ ‘ದಿ ಕಿಡ್’ನಲ್ಲಿ ಕುಣಿದಾಡಿದ ಪುಟ್ಟ ಜಾಕಿ ಕೂಗನ್ ದೊಡ್ಡವನಾಗಿ ನೋಡಿದಾಗ ತಾನು ಗಳಿಸಿದ ಲಕ್ಷಾಂತರ ಡಾಲರನ್ನು ತಾಯಿ, ಮಲತಂದೆ ಖಾಲಿ ಮಾಡಿದ್ದರು. ಆತ ಕೋರ್ಟಿಗೆ ಹೋದ. ಆತನಿಗೆ ಸಿಕ್ಕಿದ್ದು ಅಲ್ಪ. ಆದರೆ ಬಾಲನಟರ ಗಳಿಕೆಯಲ್ಲಿ ಒಂದು ಪಾಲನ್ನು ತೆಗೆದಿಡಬೇಕೆಂಬ ಕಾನೂನು 1939ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂತು. ನಟರ ಸಂಘ ಹುಟ್ಟಿದ್ದು 1933ರಲ್ಲಿ. ಸಿನಿಮಾಗಳು ಟೀವಿಯಲ್ಲಿ ಮತ್ತೆ ಮತ್ತೆ ಓಡಿ ದುಡ್ಡು ತರತೊಡಗಿದಾಗ ಆ ದುಡ್ಡಿನಲ್ಲಿ ನಮಗೂ ಪಾಲು ಬೇಕು ಎಂದು 1960ರಲ್ಲಿ ಮುಷ್ಕರ ಹೂಡಿದರು. ಆಗ ಸಂಘದ ಅಧ್ಯಕ್ಷರು ಮುಂದೆ ದೇಶದ ಅಧ್ಯಕ್ಷರಾದ ರೊನಾಲ್ಡ್ ರೇಗನ್. ಪಾಲು ಸಿಕ್ಕಿತು, ಪಿಂಚಣಿ, ಆರೋಗ್ಯ ನಿಧಿಯೂ ಆಯಿತು. ಅದಕ್ಕೂ ಹಿಂದಿನ ಚಿತ್ರಗಳ ನಟರಿಗೆ ಮರುಪ್ರಸಾರದ ಪಾಲು ಸಿಗಲಿಲ್ಲ ಎಂಬ ನೋವು ಉಳಿಯಿತು. ಹಾಸ್ಯನಟಿ ಲೂಸಿಲ್ ಬಾಲ್ ಮತ್ತು ಆಕೆಯ ಗಂಡ ಡೆಸಿ ಅರ್ನಾಜ್ 1951ರಲ್ಲಿ ‘ಐ ಲವ್ ಲೂಸಿ’ ಎಂಬ ಟೀವಿ ಧಾರಾವಾಹಿ ಶುರುಮಾಡುವಾಗ ಸಂಬಳ ಕಡಿಮೆಯಾದರೂ ಅಡ್ಡಿಯಿಲ್ಲ, ಚಿತ್ರಿಸಿದ ಸುರುಳಿಯ ಒಡೆತನ ನಮಗಿರಲಿ ಎಂದು ಕರಾರು ಮಾಡಿಕೊಂಡರು. ಆ ಒಂದು ತೀರ್ಮಾನ ಅವರನ್ನು ಸ್ಟುಡಿಯೋ ಕೊಳ್ಳುವ ಮಟ್ಟಕ್ಕೆ ಒಯ್ದಿತು. ಇದನ್ನೆಲ್ಲ ಹೇಳುತ್ತಿರುವುದು ಅವರು ನಮಗಿಂತ ದೊಡ್ಡ ಕಲಾವಿದರು ಎಂದಲ್ಲ. ತಾವು ದುಡಿಯುವ ಜನ ಎಂದು ಅವರು ಬೇಗ ಒಪ್ಪಿಕೊಂಡರು, ಅದಕ್ಕಾಗಿ ಜಗಳವಾಡಿದರು, ಜಗಳದ ಕಾಗದ ಉಳಿಯಿತು.

ನಮ್ಮಲ್ಲೂ ಊರು ಬಿಟ್ಟು ಹೋದವರ ಬದುಕು ಅಷ್ಟಿಷ್ಟು ಕಾಗದಕ್ಕೆ ಬಂದಿದೆ. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಾಬುಕೋಡಿ ವೆಂಕಟರಮಣ ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದರು. ಹುಡುಗನ ಚುರುಕು ನೋಡಿ ಗುಬ್ಬಿ ವೀರಣ್ಣನವರು ಬನಾರಸಿಗೆ ಓದಲು ಕಳುಹಿಸಿದರು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದವರು 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ಭೋಪಾಲದ ರಂಗಮಂಡಲ, ಮೈಸೂರಿನ ರಂಗಾಯಣ ಎರಡನ್ನೂ ಕಟ್ಟಿದರು. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ‘ಬರ್ನಮ್ ವನ’ ಎಂದು ಹಿಂದಿಯಲ್ಲಿ ಆಡಿಸಿದಾಗ ಅದಕ್ಕೆ ಅವರು ಕೊಟ್ಟ ಮೈಕಟ್ಟು ಯಕ್ಷಗಾನದ್ದು. ದೆಹಲಿಯ ನಟರು ಕರಾವಳಿಯ ಹೆಜ್ಜೆ ಕಲಿತರು. ಇಷ್ಟು ವಿವರ ನಮಗೆ ಗೊತ್ತಿರುವುದು ಕಾರಂತರು ಪ್ರಸಿದ್ಧರು ಎಂಬ ಒಂದೇ ಕಾರಣದಿಂದಲ್ಲ. ಲೇಖಕಿ ವೈದೇಹಿಯವರು ಅವರ ಎದುರು ಕೂತು, ಅವರು ಹೇಳಿದ್ದನ್ನೆಲ್ಲ ಕೇಳಿ, ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಎಂಬ ಆತ್ಮಕಥನವಾಗಿ ನಿರೂಪಿಸಿದ್ದರಿಂದ. ಒಬ್ಬರ ಬದುಕು ಪುಸ್ತಕವಾಗಲು ಇನ್ನೊಬ್ಬರು ಅಷ್ಟು ತಾಳ್ಮೆಯಿಂದ ಕೆಲಸ ಮಾಡಬೇಕಾಗುತ್ತದೆ.

ಇದೇ ವೆಂಕಟರಮಣ ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ಯಲ್ಲಿ ಇನ್ನೂ ಒಂದು ಪಾಠವಿದೆ. ಶಿವರಾಮ ಕಾರಂತರ 1933ರ ಕಾದಂಬರಿ, 1975ರ ಚಿತ್ರ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಗಳಿಸಿತು. ಚೋಮನಾಗಿ ನಟಿಸಿದ ಎಂ. ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ. ಅವರು ಗುಬ್ಬಿ ಕಂಪನಿಯಲ್ಲಿ ಬಾಲಕನಾಗಿ ಸೇರಿ ಬೆಳೆದವರು, ಆಮೇಲೆ ಸಿನಿಮಾದಲ್ಲಿ ಖಳನ ಬಂಟ, ಮುದುಕ, ಊರಗೌಡನ ಆಳು, ಹೀಗೆ ಹೆಸರೇ ಇಲ್ಲದ ಪಾತ್ರಗಳನ್ನು ಮಾಡುತ್ತ ಬಂದವರು. ಐವತ್ತರ ಆಚೆಗೆ ಒಬ್ಬ ನಿರ್ದೇಶಕ ಅವರ ಮುಖವನ್ನು ಗಟ್ಟಿಯಾಗಿ ನೋಡಿದ್ದರಿಂದ ಚೋಮ ಸಿಕ್ಕಿದ. ದುಡಿ ಬಡಿಯುತ್ತ ಕೂತ ಆ ಮನುಷ್ಯನ ಬೆನ್ನು, ಕತ್ತಿನ ನರ, ಸೋತ ಕಣ್ಣು ಆ ಒಂದು ಚಿತ್ರೀಕರಣದ ತಿಂಗಳಲ್ಲಿ ಬಂದದ್ದಲ್ಲ. ಹಿಂದಿನ ಎಲ್ಲ ಸಣ್ಣ ಪಾತ್ರಗಳ ದುಡಿಮೆ ಅದರಲ್ಲಿದೆ. 1987ರಲ್ಲಿ ಮಣಿರತ್ನಂ ಅವರ ‘ನಾಯಕನ್’ನಲ್ಲಿ ಕಮಲಹಾಸನ್‌ನನ್ನು ಸಾಕುವ ಹುಸೇನ್ ಭಾಯಿಯೂ ಇವರೇ. ಪ್ರಶಸ್ತಿ ಬಂದ ವರ್ಷವನ್ನು ಮಾತ್ರ ಬರೆದು ಉಳಿದ ವರ್ಷಗಳನ್ನು ಬಿಟ್ಟರೆ ಕಲಾವಿದನ ಬದುಕು ಅರ್ಥವೇ ಆಗುವುದಿಲ್ಲ.

ಊರಲ್ಲೇ ಉಳಿದವರ ಮಾತಿಗೆ ಬರುತ್ತೇನೆ, ನನ್ನ ಮುಖ್ಯ ಸಂಕಟ ಇರುವುದು ಇಲ್ಲಿ. ಕಾಸರಗೋಡಿನ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿ ಮೂಡುಬಿದಿರೆ ಸಮೀಪದ ಮಾರೂರಿನಲ್ಲಿ ನೆಲೆಸಿದ ಬಲಿಪ ನಾರಾಯಣ ಭಾಗವತರು ದಶಕಗಳ ಕಾಲ ಕಟೀಲು ಮೇಳದಲ್ಲಿ ಹಾಡಿದರು. ಅವರ ಅಜ್ಜನೂ ಅದೇ ಹೆಸರಿನ ಹೆಸರಾಂತ ಭಾಗವತರು. ಮೂವತ್ತಕ್ಕೂ ಹೆಚ್ಚು ಪ್ರಸಂಗ ಬರೆದರು. ಒಂದು ರಾತ್ರಿಯ ದೇವಿ ಮಹಾತ್ಮೆಯನ್ನು ಐದು ದಿನಕ್ಕೆ ಹರಡಿ ಬೇರೆಯೇ ಪ್ರಸಂಗ ಕಟ್ಟಿದರು. ಪುಸ್ತಕ ನೋಡದೆ ಹತ್ತಾರು ಪ್ರಸಂಗ ಆಡಿಸಬಲ್ಲವರಾಗಿದ್ದರು.

ಭಾಗವತನ ಕೆಲಸ ಎಂದರೆ ಹಾಡುವುದು ಎಂದು ಹೊರಗಿನವರು ತಿಳಿಯುತ್ತಾರೆ. ರಂಗಸ್ಥಳದ ಪಕ್ಕದಲ್ಲಿ ನಿಂತು ನೋಡಿದವರಿಗೆ ಬೇರೆಯೇ ಕಾಣುತ್ತದೆ. ವೇಷಧಾರಿ ಪರದೆಯ ಹಿಂದೆ ಬಂದು ನಿಂತ ಕ್ಷಣದಿಂದ ಆಟದ ಲಗಾಮು ಅವರ ಕೈಯ ಜಾಗಟೆಯಲ್ಲಿ. ಹುಡುಗನ ಕುಣಿತಕ್ಕೆ ಜನ ಮೆಚ್ಚಿದರೆ ಪದ್ಯದ ಕೊನೆಯ ಸಾಲನ್ನು ಇನ್ನೊಂದು ಸಲ ಎತ್ತಬೇಕು. ಹಿರಿಯ ವೇಷಕ್ಕೆ ಉಸಿರು ಸಾಲುತ್ತಿಲ್ಲ ಎಂದು ಕಂಡರೆ ಏರುಪದ್ಯವನ್ನು ಅಲ್ಲೇ ಮುಗಿಸಬೇಕು. ಮಾತು ಹಳಿ ತಪ್ಪಿದರೆ ಮುಂದಿನ ಪದ್ಯ ಹಾಕಿ ದಾರಿಗೆ ತರಬೇಕು. ಮೂಡು ಬೆಳಗಾಗುವ ಹೊತ್ತಿಗೆ ಸರಿಯಾಗಿ ಕಥೆ ಮುಗಿಯುವಂತೆ ನಡುವಿನ ಪದ್ಯಗಳನ್ನು ಬಿಡುತ್ತ ಹೋಗಬೇಕು. ಚೆಂಡೆ, ಮದ್ದಳೆಯವರಿಗೆ ಇದೆಲ್ಲ ಕಣ್ಣಿನ ಒಂದು ಸನ್ನೆಯಲ್ಲಿ ತಿಳಿಯಬೇಕು. ಸಿನಿಮಾದ ನಿರ್ದೇಶಕನೂ ಸಂಕಲನಕಾರನೂ ತಿಂಗಳುಗಟ್ಟಲೆ ಮಾಡುವುದನ್ನು ಬಲಿಪರು ಒಂದೇ ರಾತ್ರಿಯಲ್ಲಿ, ತಪ್ಪು ತಿದ್ದಿಕೊಳ್ಳುವ ಅವಕಾಶವೇ ಇಲ್ಲದೆ, ವರ್ಷದಲ್ಲಿ ಆರು ತಿಂಗಳು ಮಾಡಿದರು. ಅವರ ಮಗ ಪ್ರಸಾದ ಬಲಿಪರು ಅದೇ ಶೈಲಿಯನ್ನು ಕಂಠದಲ್ಲಿ ಹೊತ್ತಿದ್ದರು, 2022ರಲ್ಲಿ ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ತಂದೆಯೂ ಹೋದರು. ಒಂದು ವರ್ಷದೊಳಗೆ ಎರಡು ತಲೆಮಾರಿನ ಕಂಠ ನಿಂತಿತು. ಹಾಡಿನ ಧ್ವನಿಮುದ್ರಣಗಳಿವೆ. ಆದರೆ ಎಲ್ಲಿ ಯಾವ ಪದ್ಯ ಬಿಡಬೇಕು, ಯಾಕೆ ಬಿಡಬೇಕು ಎಂಬ ಆ ತೀರ್ಮಾನದ ವಿದ್ಯೆ ಧ್ವನಿಮುದ್ರಣದಲ್ಲಿ ಇರುವುದಿಲ್ಲ. ಅದನ್ನು ಕೇಳಿ ಬರೆದುಕೊಳ್ಳಬೇಕು.

ಹಾಸ್ಯಗಾರರ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಮೂಡುಬಿದಿರೆ ಪಕ್ಕದ ಮಿಜಾರಿನ ಅಣ್ಣಪ್ಪನವರು ಕರ್ನಾಟಕ ಮೇಳದ ಡೇರೆಯೊಳಗೆ ಬಂದು ನಿಂತರೆ ಸಾಕು, ಟಿಕೆಟ್ ತೆಗೆದು ಕೂತ ಜನ ನಗಲು ಶುರುಮಾಡುತ್ತಿದ್ದರು ಎಂದು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಬೆಳ್ತಂಗಡಿಯ ಅರುವ ಕೊರಗಪ್ಪ ಶೆಟ್ಟರು, ಬಂಟ್ವಾಳ ಕಡೆಯ ಅಳಿಕೆ ರಾಮಯ್ಯ ರೈಗಳು, ಎಷ್ಟೋ ತುಳು ಪ್ರಸಂಗಗಳನ್ನು ಬರೆದುಕೊಟ್ಟ ಅನಂತರಾಮ ಬಂಗಾಡಿಯವರು, ಇವರೆಲ್ಲ ಸೇರಿ ನಡೆಸಿದ ತುಳು ಆಟಗಳೇ ಒಂದು ಕಾಲಕ್ಕೆ ಈ ಜಿಲ್ಲೆಯ ಸಿನಿಮಾ, ಟೀವಿ ಎಲ್ಲವೂ. ಯಕ್ಷಗಾನದಲ್ಲಿ ಪದ್ಯ ಅಚ್ಚಾಗುತ್ತದೆ, ಮಾತು ಅಚ್ಚಾಗುವುದಿಲ್ಲ. ಮಾತು ಆ ರಾತ್ರಿ ಆ ಕಲಾವಿದನ ಬಾಯಲ್ಲಿ ಹುಟ್ಟಿದ್ದು. ಕವಿಯ ಹೆಸರು ಪ್ರಸಂಗಪುಸ್ತಕದ ರಕ್ಷಾಪುಟದಲ್ಲಿ ಉಳಿಯುತ್ತದೆ. ಆ ಪದ್ಯಕ್ಕೆ ಜೀವ ಕೊಟ್ಟ ಅರ್ಥಗಾರಿಕೆ, ಜನರ ಹೊಟ್ಟೆ ಹುಣ್ಣಾಗಿಸಿದ ಹಾಸ್ಯ ಬೆಳಿಗ್ಗೆ ಡೇರೆ ಬಿಚ್ಚುವುದರೊಳಗೆ ಗಾಳಿಗೆ ಹೋಗುತ್ತದೆ. ಕಲೆಯ ಸ್ವರೂಪವೇ ಹಾಗಿರುವಾಗ ದಾಖಲೆಯ ಹೊಣೆ ನೋಡಿದವರ ಮೇಲೆ ಇನ್ನೂ ಹೆಚ್ಚಾಗಿ ಬೀಳುತ್ತದೆ. ಬಂಟ್ವಾಳ ತಾಲೂಕಿನ ಸೂರಿಕುಮೇರು ಗೋವಿಂದ ಭಟ್ಟರಂಥವರು ಧರ್ಮಸ್ಥಳ ಮೇಳದಲ್ಲೇ ಐದು ದಶಕ ಕಳೆದವರು, ಆತ್ಮಕಥನವನ್ನೂ ಕೊಟ್ಟರು. ಅಂಥ ಪುಸ್ತಕಗಳನ್ನು ಕೈಬೆರಳಲ್ಲಿ ಎಣಿಸಬಹುದು. ಎರಡನೇ, ಮೂರನೇ ಸಾಲಿನ ವೇಷಧಾರಿಗಳ, ಮದ್ದಳೆಗಾರರ, ವೇಷಭೂಷಣ ಕಟ್ಟಿಕೊಡುವವರ, ಪೆಟ್ಟಿಗೆ ಹೊತ್ತವರ ಪುಸ್ತಕ ಯಾರೂ ಬರೆಸಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಮೇಳ ದೇವರದು, ಆಟ ಹರಕೆಯದು, ಕಲಾವಿದ ಮಾಡುವುದು ಸೇವೆ, ಅಲ್ಲಿ ಸಂಬಳ ಹಕ್ಕು ಎಂಬ ಮಾತು ತರಬೇಡಿ ಎನ್ನುತ್ತಾರೆ. ಈ ಮಾತಿನಲ್ಲಿರುವ ಸತ್ಯವನ್ನು ನಾನು ತಳ್ಳಿಹಾಕುವುದಿಲ್ಲ. ಹರಕೆಯ ನಂಬಿಕೆ ಇಲ್ಲದಿದ್ದರೆ ಈ ಕಲೆ ಇಷ್ಟು ಗಟ್ಟಿಯಾಗಿ ಉಳಿಯುತ್ತಿರಲಿಲ್ಲ. ಟಿಕೆಟ್ ನಂಬಿಕೊಂಡ ಡೇರೆ ಮೇಳಗಳು ಒಂದೊಂದಾಗಿ ನಿಂತವು. ಕ್ಷೇತ್ರದ ಮೇಳಗಳು ಹೆಚ್ಚಿದವು. ಕಟೀಲಿನಂಥ ಕಡೆ ಆಟ ಆಡಿಸಲು ಮನೆಯವರು ವರ್ಷಾನುಗಟ್ಟಲೆ ಕಾಯುತ್ತಾರೆ. ಮುಂದಿನ ಹತ್ತಾರು ವರ್ಷಕ್ಕೆ ಆಟ ಗಟ್ಟಿಯಾಗಿರುವ ಇಂಥ ಭದ್ರತೆ ಹಾಲಿವುಡ್ಡಿನ ಯಾವ ಸ್ಟುಡಿಯೋಗೂ ಇರಲಿಲ್ಲ. ಆದರೆ ಆ ಭದ್ರತೆ ಮೇಳಕ್ಕೆ ಇದೆ, ವೇಷಧಾರಿಗೆ ಇಲ್ಲ. ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿ ಕಳೆಯುವವರೆಗಿನ ಮಳೆಗಾಲದಲ್ಲಿ ಹೆಸರಿದ್ದವರು ತಾಳಮದ್ದಳೆಗೆ ಹೋಗುತ್ತಾರೆ, ಮುಂಬಯಿ ತಿರುಗಾಟ ಮಾಡುತ್ತಾರೆ. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆ ಹತ್ತುತ್ತಾರೆ. ಉಳಿದವರು ಸಿಕ್ಕಿದ ಕೂಲಿಗೆ. ಸೇವೆ ಎಂಬ ಮಾತು ಹರಕೆ ಹೇಳಿದವರಿಗೆ ಒಪ್ಪುತ್ತದೆ. ಪೆಂಡಾಲಿನವರಿಗೆ, ಲೈಟಿನವರಿಗೆ, ಅಡುಗೆಯವರಿಗೆ ಅದೇ ರಾತ್ರಿ ಲೆಕ್ಕ ಚುಕ್ತ ಮಾಡುವ ನಾವು ರಂಗಸ್ಥಳದ ಮೇಲಿನವರಿಗೆ ಮಾತ್ರ ಸೇವೆಯ ಮಾತು ಹೇಳುವುದು ನ್ಯಾಯವಲ್ಲ.

ರಂಗದಲ್ಲೇ ಸಾವು ಬಂದರೆ ಪುಣ್ಯ ಎಂಬ ಮಾತನ್ನೂ ನಾವು ತುಂಬ ಸಲೀಸಾಗಿ ಹೇಳುತ್ತೇವೆ. ಬಡಗುತಿಟ್ಟು ಯಕ್ಷಗಾನದ ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿ 3ರಂದು ಇಡಗುಂಜಿಯಲ್ಲಿ ವೇಷದಲ್ಲಿದ್ದಾಗಲೇ ಕುಸಿದು ತೀರಿಕೊಂಡರು. ಆ ಸಾವನ್ನು ಎಲ್ಲರೂ ಧನ್ಯ ಎಂದರು. ಅವರ ಭಕ್ತಿಗೆ ಆ ಮಾತು ಸಲ್ಲುತ್ತದೆ. ನಮ್ಮ ಕಡೆಯ ತೆಂಕುತಿಟ್ಟಿನಲ್ಲೂ ಇಂಥ ಸಾವುಗಳಾಗಿವೆ. ಎಪ್ಪತ್ತರ ಹತ್ತಿರದ ದೇಹ ಕಿರೀಟದ ಭಾರ ಹೊತ್ತು ನಿದ್ದೆಗೆಟ್ಟು ಕುಣಿಯಬೇಕಾಗಿ ಬಂದದ್ದು ಯಾಕೆ ಎಂದು ಕೇಳುವುದು ಭಕ್ತಿಗೆ ವಿರೋಧವಲ್ಲ. ವರ್ಷಕ್ಕೊಮ್ಮೆ ಹೃದಯದ ತಪಾಸಣೆ, ವಿಮೆ, ವಯಸ್ಸಾದವರಿಗೆ ಕಿರು ಪಾತ್ರ, ಇವು ಸೇವೆಯ ಪಾವಿತ್ರ್ಯವನ್ನು ಕೆಡಿಸುವುದಿಲ್ಲ. ಭಾಗವತ ಪಟ್ಲ ಸತೀಶ ಶೆಟ್ಟರು 2015ರಲ್ಲಿ ಕಟ್ಟಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಕಲಾವಿದರಿಗೆ ವಿಮೆ, ಮನೆ ಕಟ್ಟಲು ನೆರವು ಕೊಡುತ್ತ ಬಂದಿದೆ. ಕಲಾವಿದರೊಳಗಿನಿಂದಲೇ ಈ ಯೋಚನೆ ಹುಟ್ಟಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ. 1921ರಲ್ಲಿ ಹಾಲಿವುಡ್ಡಿನ ನಟಿ ಮೇರಿ ಪಿಕ್‌ಫರ್ಡ್, ಚಾಪ್ಲಿನ್ ಮೊದಲಾದವರು ಕಷ್ಟದಲ್ಲಿರುವ ಸಿನಿಮಾದವರಿಗಾಗಿ ನಿಧಿ ಮಾಡಿದ್ದೂ ಹೀಗೆಯೇ. ಅದು ಬೆಳೆದು 1942ರಲ್ಲಿ ನಿವೃತ್ತ ಕಲಾವಿದರ ವಸತಿಯಾಯಿತು. ಆದರೆ ಒಳ್ಳೆಯ ಮನಸ್ಸಿನ ದಾನ ಎಂದಿಗೂ ಹಕ್ಕಿನ ಜಾಗ ತುಂಬಲಾರದು. ದಾನಿ ಸುಸ್ತಾದ ದಿನ ಅದು ನಿಲ್ಲುತ್ತದೆ.

ಹಕ್ಕು ಕಾಗದದ ಮೇಲೆ ಈಗಾಗಲೇ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಪ್ರದರ್ಶಕರ ಹಕ್ಕು ಸೇರಿತು. ನಟ, ಗಾಯಕ, ವಾದಕ, ನರ್ತಕ, ಜನರೆದುರು ಪ್ರದರ್ಶನ ಕೊಡುವ ಯಾರೇ ಆಗಲಿ, ಅವರ ಒಪ್ಪಿಗೆ ಇಲ್ಲದೆ ಅದನ್ನು ಮುದ್ರಿಸಿ ಹರಡುವಂತಿಲ್ಲ. 2012ರ ತಿದ್ದುಪಡಿ ವಾಣಿಜ್ಯ ಬಳಕೆಯಾದರೆ ರಾಯಧನಕ್ಕೂ ಅವರು ಅರ್ಹರು ಎಂದಿತು. ರಂಗಸ್ಥಳದ ಎದುರು ಸಾಲಾಗಿ ನಿಂತ ಕ್ಯಾಮೆರಾಗಳನ್ನು ನೋಡಿದಾಗೆಲ್ಲ ನನಗೆ ಈ ಕಾನೂನು ನೆನಪಾಗುತ್ತದೆ. ಇಡೀ ರಾತ್ರಿಯ ಆಟ ನೇರಪ್ರಸಾರವಾಗುತ್ತದೆ. ಹಾಸ್ಯದ ತುಣುಕುಗಳು ಬೇರೆಯಾಗಿ ಕತ್ತರಿಸಿಕೊಂಡು ಗಲ್ಫಿನವರೆಗೆ ಹೋಗುತ್ತವೆ. ಜಾಹೀರಾತು ಬರುತ್ತದೆ. ಆ ಹಾಸ್ಯವನ್ನು ಹುಟ್ಟಿಸಿದ ಮನುಷ್ಯನಿಗೆ ಒಂದು ಕರಾರು ಕಾಗದವನ್ನು ಯಾರಾದರೂ ತೋರಿಸಿದ್ದಾರೆಯೇ? ಹಿಂದೆ ಕ್ಯಾಸೆಟ್ ಕಾಲದಲ್ಲೂ ಒಂದು ಮೊತ್ತ ಕೈಗಿಟ್ಟು ಮುಗಿಸುವುದೇ ರೂಢಿ. ಲೂಸಿಲ್ ಬಾಲ್ 1951ರಲ್ಲಿ ಅರಿತದ್ದನ್ನು ನಮ್ಮ ವೇಷಧಾರಿಗೆ ತಿಳಿಸಿ ಹೇಳುವವರಿಲ್ಲ. ವೀಡಿಯೊ ಮಾಡುವವರನ್ನು ನಾನು ಖಳರು ಎನ್ನುತ್ತಿಲ್ಲ. ಅವರಲ್ಲಿ ಹೆಚ್ಚಿನವರು ಕಲಾಭಿಮಾನಿಗಳು. ಅವರಿಲ್ಲದಿದ್ದರೆ ಎಷ್ಟೋ ವೇಷಗಳು ಕಣ್ಣಿಗೇ ಉಳಿಯುತ್ತಿರಲಿಲ್ಲ. ಅಭಿಮಾನವೂ ಲೆಕ್ಕವೂ ಜೊತೆಗೆ ಇರಬಹುದು ಎಂದಷ್ಟೇ ನನ್ನ ಮಾತು. ಮೇಳದ ಯಜಮಾನರು, ಕಲಾವಿದರು, ಚಾನೆಲ್ಲಿನವರು ಮೂವರೂ ಒಪ್ಪಿ ಒಂದು ಪುಟದ ಕರಾರು ಮಾಡಿಕೊಳ್ಳಲು ದೊಡ್ಡ ಸಂಘಟನೆಯೇನೂ ಬೇಡ. ಪ್ರತಿ ತಿರುಗಾಟ ಹೊರಡುವಾಗ ಸಹಿ ಆದರೆ ಸಾಕು.

ಇನ್ನು ಬದುಕಿನ ದಾಖಲೆ. ಉಜಿರೆಯಲ್ಲಿ, ಮೂಡುಬಿದಿರೆಯಲ್ಲಿ, ಬಂಟ್ವಾಳದಲ್ಲಿ ಕಾಲೇಜುಗಳಿವೆ, ಪತ್ರಿಕೋದ್ಯಮ, ಕನ್ನಡ ಓದುವ ಮಕ್ಕಳಿದ್ದಾರೆ, ಎಲ್ಲರ ಕೈಯಲ್ಲೂ ಧ್ವನಿ ಮುದ್ರಿಸುವ ಫೋನ್ ಇದೆ. ಪತ್ತನಾಜೆ ಕಳೆದ ಮಳೆಗಾಲದಲ್ಲಿ ಕಲಾವಿದರು ಮನೆಯಲ್ಲಿ ಸಿಗುತ್ತಾರೆ. ಒಬ್ಬೊಬ್ಬ ವಿದ್ಯಾರ್ಥಿ ಒಬ್ಬೊಬ್ಬ ಕಲಾವಿದರ ಮನೆಗೆ ಹೋಗಲಿ, ಮೊದಲ ಸಾಲಿನವರ ಮನೆಗಿಂತ ಮೊದಲು ಎರಡನೇ ಸಾಲಿನವರ ಮನೆಗೆ. ಕಲೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳುವುದು ಬೇಡ, ಅದಕ್ಕೆ ಸಭೆಯ ಉತ್ತರವೇ ಬರುತ್ತದೆ. ಕೇಳಬೇಕಾದ್ದು ಹೀಗಿರಲಿ: ಮೊದಲ ವರ್ಷ ಮೇಳದಲ್ಲಿ ನಿಮ್ಮ ಸಂಬಳ ಎಷ್ಟಿತ್ತು, ಅದನ್ನು ಯಾರಿಗೆ ಕೊಟ್ಟಿರಿ? ಹೆಜ್ಜೆ ತಪ್ಪಿದಾಗ ಬಣ್ಣ ಹಚ್ಚುವ ಚೌಕಿಯಲ್ಲಿ ತಿದ್ದಿದವರು ಯಾರು? ದೊಡ್ಡ ಪಾತ್ರ ಮೊದಲು ಸಿಕ್ಕಿದ್ದು ಯಾರು ಕಾಯಿಲೆ ಬಿದ್ದ ರಾತ್ರಿ? ಯಾವ ಭಾಗವತರ ಪದ್ಯಕ್ಕೆ ನಿಮ್ಮ ಕಾಲು ತಾನಾಗಿ ಏಳುತ್ತಿತ್ತು? ಆಟವಿದ್ದ ರಾತ್ರಿಗಳಲ್ಲಿ ಮನೆಯನ್ನು ನಡೆಸಿದವರು ಯಾರು, ಮಕ್ಕಳ ಶಾಲೆಯ ಫೀಸು ಹೇಗಾಯಿತು? ಮಂಡಿನೋವು ಶುರುವಾದದ್ದು ಯಾವ ತಿರುಗಾಟದಲ್ಲಿ? ಈ ಉತ್ತರಗಳನ್ನು ಇಸವಿ ಸಮೇತ ಬರೆದು ಕಾಲೇಜಿನ ಗ್ರಂಥಾಲಯದಲ್ಲಿ ಇಟ್ಟರೆ ಮುಂದಿನ ಸನ್ಮಾನಪತ್ರ ಬರೆಯುವವರಿಗೂ ಓದಿ ಹೇಳಲು ಏನಾದರೂ ಇರುತ್ತದೆ.